ಪೆಟ್ಟಿಗೆಯ ಹೊಲಿಗೆಯೂ ಜಹೇಜಿನ ಪಟ್ಟಿಯೂ

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿವಾಹ, ಮಹ್ರ್, ವರದಕ್ಷಿಣೆ ಮುಂತಾದ ವಿಷಯಗಳ ಕುರಿತು ಸಮುದಾಯದ ವೇದಿಕೆಗಳಲ್ಲಿ ಸಾಕಷ್ಟು ಮಾತುಗಳು ಬಂದಿವೆ. ಇಂದು ನಾವು ಅದೇ ವಿಷಯವನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸಲು ಬಯಸುತ್ತೇವೆ. ಆ ಬಾಗಿಲು ನಮ್ಮ ಮನೆಗಳ ಒಳಕೋಣೆಯಲ್ಲಿ ಮಂಚದ ಕೆಳಗೆ ಇರುತ್ತಿದ್ದ ತಗಡಿನ ಪೆಟ್ಟಿಗೆಯದ್ದು. ಹೆಣ್ಣು ಮಗುವಿಗೆ ಹತ್ತು ಹನ್ನೆರಡು ವರ್ಷ ತುಂಬುತ್ತಲೇ ತಾಯಿ ಒಂದು ಪೆಟ್ಟಿಗೆಯನ್ನು ಬೇರೆಯಾಗಿ ಇಡುತ್ತಿದ್ದಳು. ಅದರೊಳಗೆ ವರ್ಷಕ್ಕೆ ಎರಡು ಮೂರರಂತೆ, ಕೈಯಲ್ಲಿ ಹೊಲಿದ ಬಟ್ಟೆಗಳು ಸೇರುತ್ತಿದ್ದವು. ದಿಂಬಿನ ಗವಸು, ಹಾಸು, ಹೊದಿಕೆ, ಊಟಕ್ಕೆ ಹಾಸುವ ದಸ್ತರ್‌ಖಾನ್, ನಮಾಝಿನ ಹಾಸು, ಪವಿತ್ರ ಕುರ್‌ಆನನ್ನು ಸುತ್ತಿಡುವ ಗವಸು, ಕ್ರೋಶಾ ಹೆಣಿಗೆಯ ಮುಚ್ಚು ಬಟ್ಟೆ, ಮುಂದೆ ಹುಟ್ಟಬಹುದಾದ ಕೂಸಿಗೆ ಒಂದು ಚಿಕ್ಕ ಕೌದಿ. ಇಷ್ಟೇ ಅದರ ಸಂಪತ್ತು.

ಈ ಕೆಲಸ ಹೇಗೆ ನಡೆಯುತ್ತಿತ್ತೆಂಬುದು ಇಲ್ಲಿರುವ ಹಿರಿಯ ತಾಯಂದಿರಿಗೆ ತಿಳಿದಿದೆ. ಕಿರಿಯರಿಗಾಗಿ ಸ್ವಲ್ಪ ವಿವರಿಸುತ್ತೇವೆ. ಕೋರಾ ಬಟ್ಟೆಯನ್ನು ತಂದೊಡನೆ ಕತ್ತರಿಸುತ್ತಿರಲಿಲ್ಲ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗಬೇಕಾದಷ್ಟು ಕುಗ್ಗಿದ ಬಳಿಕವೇ ಕತ್ತರಿ ಹಾಕುತ್ತಿದ್ದರು. ಕೆಂಪು ದಾರ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುತ್ತಿದ್ದರು. ಅಂಚನ್ನು ಎರಡು ಬಾರಿ ಮಡಚಿ, ಮೇಲಿನಿಂದ ಕಾಣದಂತೆ ಸಣ್ಣ ಹೊಲಿಗೆ ಹಾಕಲು ಬಾಲಕಿಗೆ ಮೊದಲು ಕಲಿಸುತ್ತಿದ್ದರು. ಅದು ನೇರವಾಗಿ ಬಂದ ನಂತರ ಸರಪಳಿ ಹೊಲಿಗೆ, ಅಡ್ಡ ಹೊಲಿಗೆ, ಕೊನೆಗೆ ಹೂಬಳ್ಳಿ. ಹೊಲಿಗೆ ಸೊಟ್ಟಗಾದರೆ ಅಜ್ಜಿ ಬಿಚ್ಚಿಸುತ್ತಿದ್ದರು. ಬಟ್ಟೆ ಹಾಳಾಗದಂತೆ ಬಿಚ್ಚುವುದೂ ಒಂದು ಪಾಠವೇ ಆಗಿತ್ತು. ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹರಡಿ, ಒಣಗಿದ ಬೇವಿನ ಎಲೆಗಳ ನಡುವೆ ಮತ್ತೆ ಮಡಚಿಡುತ್ತಿದ್ದರು.

ಕೌದಿಯ ವಿಷಯವಂತೂ ಇನ್ನೂ ಹೆಚ್ಚು ಹೇಳಬೇಕಾದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಹಳೆಯ ಲುಂಗಿ, ಮಕ್ಕಳ ಹರಿದ ಅಂಗಿ ಯಾವುದನ್ನೂ ಎಸೆಯುತ್ತಿರಲಿಲ್ಲ. ಅವನ್ನು ಒಗೆದು, ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ನಾಲ್ಕಾರು ಮಹಿಳೆಯರು ಸುತ್ತ ಕುಳಿತು ಉದ್ದನೆಯ ಸೂಜಿಯಿಂದ ಸಾಲು ಸಾಲಾಗಿ ಹೊಲಿಯುತ್ತಿದ್ದರು. ಅದೇ ಕೌದಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಹೋದರಿಯರ ಕೈಯಲ್ಲಿ ಕವಂದಿ ಎಂಬ ಹೆಸರು ಪಡೆದಿದೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದ ಆ ಜನರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಮೂವರೂ ಒಂದೇ ರೀತಿಯಲ್ಲಿ ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ಇಂದು ಆ ಕವಂದಿಗಳನ್ನು ವಿದೇಶದ ವಸ್ತು ಸಂಗ್ರಹಾಲಯಗಳಲ್ಲಿ ಕಲೆಯೆಂದು ಪ್ರದರ್ಶಿಸಲಾಗುತ್ತಿದೆ. ಹೊಲಿದವಳಿಗೆ ಅದು ಮಗುವಿನ ಚಳಿಯನ್ನು ತಡೆಯುವ ಸಾಧನವಾಗಿತ್ತು.

ನೆರೆಮನೆಯ ಹಿಂದೂ ಸಹೋದರಿಯರಲ್ಲಿಯೂ ಇಂಥದ್ದೇ ರೂಢಿ ಇತ್ತು. ಧಾರವಾಡದ ಕಸೂತಿಯನ್ನು ನೋಡಿರಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ದಾರಕ್ಕೆ ಗಂಟು ಹಾಕದೆ, ಎಳೆಗಳನ್ನು ಎಣಿಸುತ್ತಾ ಇಳಕಲ್ಲಿನ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿ ಮದುಮಗಳಿಗೆ ಕೊಡುವುದು ಅಲ್ಲಿನ ಪದ್ಧತಿಯಾಗಿತ್ತು. ಒಂದೇ ಓಣಿಯ ಕಟ್ಟೆಯಲ್ಲಿ ಕುಳಿತು ಎರಡೂ ಮನೆಗಳ ಹೆಣ್ಣುಮಕ್ಕಳು ಹೊಲಿಗೆಯ ಮಾದರಿಗಳನ್ನು ಹಂಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅನುಮಾನದ ಗೋಡೆಗಳು ಎತ್ತರವಾಗುತ್ತಿರುವ ಈ ದಿನಗಳಲ್ಲಿ ಆ ಕಟ್ಟೆಯನ್ನು ನೆನಪಿಸಿಕೊಳ್ಳುವುದು ಅಗತ್ಯವಾಗಿದೆ.

ಇನ್ನು ಫೆಲೆಸ್ತೀನಿನ ಮಾತು. ಅಲ್ಲಿ ಈ ಹೊಲಿಗೆಗೆ ತತ್ರೀಝ್ ಎನ್ನುತ್ತಾರೆ. ಹಳ್ಳಿಯ ಬಾಲಕಿ ಆರೇಳು ವರ್ಷದವಳಾದಾಗ ತಾಯಿಯ ಪಕ್ಕ ಕುಳಿತು ಸೂಜಿ ಹಿಡಿಯುತ್ತಿದ್ದಳು. ಮದುವೆಯ ವೇಳೆಗೆ ತನ್ನ ಉಡುಪುಗಳನ್ನೂ ಮನೆಯ ಒರಗು ದಿಂಬುಗಳ ಗವಸುಗಳನ್ನೂ ತಾನೇ ಹೊಲಿದು ಮದುಮಗಳ ಪೆಟ್ಟಿಗೆಯಲ್ಲಿ ತುಂಬಿಸುತ್ತಿದ್ದಳು. ಹೊಲಿಗೆಯ ಮಾದರಿಯನ್ನು ನೋಡಿಯೇ ಅವಳು ಯಾವ ಊರಿನವಳೆಂದು ಹೇಳಬಹುದಾಗಿತ್ತು. 1948ರಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ಜನರು ಮನೆಮಾರು ತೊರೆಯಬೇಕಾಗಿ ಬಂತು. ನಾನೂರಕ್ಕೂ ಹೆಚ್ಚು ಹಳ್ಳಿಗಳು ನಾಶವಾದವು. ಊರೇ ಇಲ್ಲವಾದ ಮೇಲೂ ಆ ಊರಿನ ಮಾದರಿಗಳು ನಿರಾಶ್ರಿತರ ಶಿಬಿರಗಳಲ್ಲಿ ಉಳಿದುಕೊಂಡವು, ಏಕೆಂದರೆ ಅವು ಮಹಿಳೆಯರ ಬೆರಳುಗಳಲ್ಲಿದ್ದವು. 1987ರ ಡಿಸೆಂಬರ್‌ನಲ್ಲಿ ಇಂತಿಫಾದಾ ಆರಂಭವಾದಾಗ, ಧ್ವಜ ಹಾರಿಸಲು ಅವಕಾಶವಿಲ್ಲದಿದ್ದ ಆ ದಿನಗಳಲ್ಲಿ, ಮಹಿಳೆಯರು ಧ್ವಜದ ನಾಲ್ಕು ಬಣ್ಣಗಳನ್ನು ತಮ್ಮ ಉಡುಪಿನ ಮೇಲೆ ಹೊಲಿದುಕೊಂಡರು. 2021ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರ ಅಕ್ಟೋಬರ್‌ನ ನಂತರ ಗಾಝಾದಲ್ಲಿ ನೆಲಸಮವಾದ ಮನೆಗಳ ಅಡಿಯಲ್ಲಿ ಅಂತಹ ಎಷ್ಟು ಪೆಟ್ಟಿಗೆಗಳು ಹೂತುಹೋಗಿರಬಹುದು! ಮನೆಯೊಂದು ಕುಸಿದಾಗ ಗೋಡೆಯ ಬೆಲೆಯನ್ನು ಲೆಕ್ಕ ಹಾಕುವವರಿರುತ್ತಾರೆ. ತಾಯಿಯ ಇಪ್ಪತ್ತು ವರ್ಷಗಳ ಹೊಲಿಗೆಯನ್ನು ಯಾರು ಲೆಕ್ಕ ಹಾಕುತ್ತಾರೆ?

ಸಹೋದರಿಯರೇ, ಈ ಪೆಟ್ಟಿಗೆಯ ಒಂದು ಗುಣವನ್ನು ವಿಶೇಷವಾಗಿ ಗಮನಿಸಬೇಕು. ಅದರಲ್ಲಿದ್ದ ಯಾವ ವಸ್ತುವನ್ನೂ ಯಾರೂ ಕೇಳಿರಲಿಲ್ಲ. ವರ ಯಾರೆಂದೇ ಗೊತ್ತಿಲ್ಲದ ದಿನಗಳಲ್ಲಿ ಅದು ತುಂಬಲು ಆರಂಭವಾಗಿತ್ತು. ತಾಯಿಗೆ ಸಾಧ್ಯವಾದಷ್ಟು, ಮಗಳಿಗೆ ಬೇಕಾದಷ್ಟು ಅದರಲ್ಲಿತ್ತು. ಬಡವಳ ಪೆಟ್ಟಿಗೆ ಚಿಕ್ಕದಿರುತ್ತಿತ್ತು. ಅದಕ್ಕಾಗಿ ಮದುವೆ ನಿಲ್ಲುತ್ತಿರಲಿಲ್ಲ.

ಇಂದು ಏನಾಗಿದೆ? ಪೆಟ್ಟಿಗೆಯ ಜಾಗಕ್ಕೆ ಪಟ್ಟಿ ಬಂದಿದೆ. ಮಂಚ, ಹಾಸಿಗೆ, ಬೀರು, ಫ್ರಿಜ್, ವಾಷಿಂಗ್ ಮೆಷಿನ್, ಇಷ್ಟು ಪವನ್ ಚಿನ್ನ, ವರನಿಗೆ ಬೈಕ್ ಅಥವಾ ಕಾರು, ಇಷ್ಟು ಮಂದಿಗೆ ಇಂತಹದ್ದೇ ಹಾಲ್‌ನಲ್ಲಿ ಊಟ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಇನ್ನು ಕೆಲವರು, "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಕೊಡುವುದನ್ನು ಕೊಡಿ, ನಾಲ್ಕು ಜನರ ಮುಂದೆ ಮರ್ಯಾದೆ ಉಳಿಯಲಿ" ಎನ್ನುತ್ತಾರೆ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ದುಬಾರಿಯಾಗುತ್ತದೆ. ಏಕೆಂದರೆ ಅದರಲ್ಲಿ ಎಷ್ಟೆಂಬುದನ್ನು ಹೇಳಿರುವುದಿಲ್ಲ. ಹೆದರಿದ ತಂದೆ ತಾನಾಗಿಯೇ ಮೊತ್ತವನ್ನು ಹೆಚ್ಚಿಸುತ್ತಾನೆ. ಆಮೇಲೆ ಸಾಮಾನುಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ ಬಂದವರಿಗೆ ತೋರಿಸುವುದು. ಆ ಸಾಲಿನ ನಡುವೆ ಅಂಗಡಿಯಿಂದ ತಂದ, ಪ್ಲಾಸ್ಟಿಕ್ ಚೀಲದಲ್ಲಿ ಮಿಂಚುವ ಹೊದಿಕೆಯೂ ಇರುತ್ತದೆ. ತಾಯಿ ಕೈಯಾರೆ ಹೊಲಿದ ದಸ್ತರ್‌ಖಾನನ್ನು ಮಾತ್ರ ಅವಮಾನವೆಂದು ಒಳಗೇ ಬಚ್ಚಿಡಲಾಗುತ್ತದೆ. ಪ್ರೀತಿಯಿಂದ ಕೊಟ್ಟದ್ದು ನಾಚಿಕೆಯ ವಸ್ತುವಾಗಿ, ಭಯದಿಂದ ಕೊಟ್ಟದ್ದು ಹೆಮ್ಮೆಯ ವಸ್ತುವಾಗಿ ಬದಲಾಗಿರುವುದು ನಮ್ಮ ಸಮುದಾಯಕ್ಕೆ ತಟ್ಟಿದ ರೋಗದ ಸ್ಪಷ್ಟ ಲಕ್ಷಣವಾಗಿದೆ.

ಇದಕ್ಕೆ ಕೆಲವರು ಧರ್ಮದ ಹೊದಿಕೆ ಹೊದಿಸಲು ಯತ್ನಿಸುತ್ತಾರೆ. ಪ್ರವಾದಿವರ್ಯರು(ಸ) ಹಝ್ರತ್ ಫಾತಿಮಾ(ರ)ರಿಗೆ ಜಹೇಜ್ ಕೊಟ್ಟಿದ್ದರಲ್ಲವೇ ಎಂದು ಕೇಳುತ್ತಾರೆ. ಸರಿ, ಏನು ಕೊಟ್ಟಿದ್ದರೆಂಬುದನ್ನೂ ಕೇಳೋಣ. ಹದೀಸ್ ಗ್ರಂಥಗಳಲ್ಲಿ ಉಲ್ಲೇಖವಾಗಿರುವುದು ಒಂದು ಹೊದಿಕೆ, ನೀರು ತುಂಬುವ ಒಂದು ಚರ್ಮದ ಚೀಲ, ಇದ್ಖಿರ್ ಎಂಬ ಹುಲ್ಲು ತುಂಬಿದ ಒಂದು ದಿಂಬು. ಹಝ್ರತ್ ಅಲೀ(ರ) ತಮ್ಮ ಯುದ್ಧ ಕವಚವನ್ನು ಮಹ್ರ್ ಆಗಿ ಕೊಟ್ಟರು. ಆ ಮಹ್ರ್‌ನ ಹಣದಿಂದಲೇ ಈ ಸಾಮಗ್ರಿಗಳನ್ನು ಸಿದ್ಧಪಡಿಸಲಾಯಿತೆಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಹಝ್ರತ್ ಅಲೀ(ರ) ಬಾಲ್ಯದಿಂದಲೇ ಪ್ರವಾದಿವರ್ಯರ(ಸ) ಆಶ್ರಯದಲ್ಲಿ ಬೆಳೆದವರು; ಹೊಸ ಮನೆ ಹೂಡುವ ಇಬ್ಬರಿಗೂ ಪ್ರವಾದಿವರ್ಯರೇ(ಸ) ಹಿರಿಯರಾಗಿದ್ದರು. ಒಂದು ಹೊದಿಕೆ, ಒಂದು ಚೀಲ, ಒಂದು ದಿಂಬನ್ನು ಮುಂದಿಟ್ಟು ಕಾರು ಕೇಳುವವರು ಯಾವ ಸುನ್ನತ್ತನ್ನು ಅನುಸರಿಸುತ್ತಿದ್ದಾರೆ?

ತಾಯಿ ಮಗಳಿಗೆ ಉಡುಗೊರೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಹಝ್ರತ್ ಖದೀಜಾ(ರ) ತಮ್ಮ ಮಗಳು ಝೈನಬ್(ರ)ರಿಗೆ ಮದುವೆಯ ವೇಳೆ ಒಂದು ಹಾರವನ್ನು ಕೊಟ್ಟಿದ್ದರು. ಬದ್ರ್ ಯುದ್ಧದಲ್ಲಿ ಝೈನಬ್(ರ)ರ ಪತಿ ಅಬುಲ್ ಆಸ್ ಸೆರೆಯಾದಾಗ, ಅವರ ಬಿಡುಗಡೆಗಾಗಿ ಅದೇ ಹಾರವನ್ನು ಮಕ್ಕಾದಿಂದ ಕಳುಹಿಸಲಾಯಿತು. ಅದನ್ನು ಕಂಡ ಪ್ರವಾದಿವರ್ಯರ(ಸ) ಮನಸ್ಸು ಕರಗಿತು. ಅವರು ಅನುಚರರನ್ನು ವಿಚಾರಿಸಿ, ಅವರ ಒಪ್ಪಿಗೆಯಿಂದ ಸೆರೆಯಾಳನ್ನು ಬಿಡುಗಡೆ ಮಾಡಿ, ಹಾರವನ್ನು ಝೈನಬ್(ರ)ರಿಗೆ ಮರಳಿಸಿದರು. ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ತಾಯಿ ಮಗಳಿಗೆ ಪ್ರೀತಿಯಿಂದ ಕೊಡುವುದು ಸಹಜ. ಕೊಟ್ಟ ವಸ್ತು ಮಗಳದ್ದು. ಪತಿಯದ್ದೂ ಅಲ್ಲ, ಅತ್ತೆಯದ್ದೂ ಅಲ್ಲ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ವಿವಾಹ ಧನವನ್ನು ಮಹಿಳೆಯರಿಗೆ ಸಂತೋಷದಿಂದ ನೀಡಬೇಕೆಂದು ಪುರುಷರಿಗೆ ಆದೇಶಿಸಿದೆ. ಕೊಡಬೇಕಾದವನು ವರ, ಪಡೆಯಬೇಕಾದವಳು ವಧು. ನಾವು ಈ ದಿಕ್ಕನ್ನೇ ತಿರುಗಿಸಿದ್ದೇವೆ. ಮಹ್ರ್ ಎಂದು ಒಂದು ಚಿಕ್ಕ ಮೊತ್ತವನ್ನು ನಿಕಾಹ್ ಪುಸ್ತಕದಲ್ಲಿ ಬರೆದು, ಅದರ ನೂರು ಪಟ್ಟನ್ನು ವಧುವಿನ ಮನೆಯಿಂದ ಹೊರಿಸಿಕೊಂಡು ಹೋಗುತ್ತೇವೆ. ಅದೇ ಅಧ್ಯಾಯವು ಹೆತ್ತವರು ಬಿಟ್ಟು ಹೋದ ಆಸ್ತಿಯಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲಿದೆಯೆಂದು ಸಾರಿದೆ. ತಂದೆಯ ಮರಣಾನಂತರ ಸಹೋದರಿ ತನ್ನ ಪಾಲು ಕೇಳಿದರೆ, "ನಿನಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂದು ಬಾಯಿ ಮುಚ್ಚಿಸಲಾಗುತ್ತದೆ. ಜಹೇಜ್ ಎಂಬುದು ಹೆಣ್ಣಿನ ವಾರೀಸು ಹಕ್ಕನ್ನು ನುಂಗುವ ಉಪಾಯವಾಗಿಯೂ ಬೆಳೆದಿದೆ. ಬೀರು ಹತ್ತು ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ; ಅವಳ ಪಾಲಿನ ಭೂಮಿ ಸಹೋದರರ ಹೆಸರಿನಲ್ಲಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಹಳೆಯದನ್ನೆಲ್ಲ ಹೊಗಳಿ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಸೂಜಿದಾರ ಕೊಟ್ಟು ಕೂರಿಸಿರೆಂದು ನಾವು ಕರೆ ನೀಡುತ್ತಿಲ್ಲ. "ಹೊಲಿಗೆ ಕಲಿತರೆ ಸಾಕು, ಕಾಲೇಜು ಯಾಕೆ" ಎಂಬ ಮಾತು ನಮ್ಮ ಎಷ್ಟೋ ಪ್ರತಿಭಾವಂತ ಹೆಣ್ಣುಮಕ್ಕಳ ಭವಿಷ್ಯವನ್ನು ಕತ್ತರಿಸಿದೆ. ಜ್ಞಾನಾರ್ಜನೆ ಅವಳ ಮೇಲಿನ ಕರ್ತವ್ಯ, ಹೊಲಿಗೆ ಅವಳ ಆಯ್ಕೆ. ಹೊಲಿಗೆ ಕೇವಲ ಹೆಣ್ಣಿನ ಕೆಲಸವೂ ಅಲ್ಲ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅಂಗಿಯ ಗುಂಡಿ ಕಿತ್ತುಹೋದರೆ ತಂಗಿಯನ್ನು ಕೂಗುವ ನಮ್ಮ ಯುವಕರು ಈ ಸುನ್ನತ್ತನ್ನು ಏಕೆ ಮರೆತಿದ್ದಾರೆ? ಗಂಡುಮಗನಿಗೂ ಒಂದು ಸೂಜಿ ಕೊಡಿ. ಅವನು ಹೊಸ ಮನೆಗಾಗಿ ತನ್ನ ಕೈಯಿಂದ ಒಂದು ದಿಂಬಿನ ಗವಸನ್ನಾದರೂ ಹೊಲಿಯಲಿ. ಪವಿತ್ರ ಕುರ್‌ಆನ್ ಪತಿಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪು ಹೊಲಿಯುವ ಶ್ರಮ ಇಬ್ಬರ ಪಾಲಿಗೂ ಬರಬೇಕು.

ಹೊಲಿಗೆ ಸಂಪಾದನೆಯ ದಾರಿಯೂ ಹೌದು. ಉಮ್ಮುಲ್ ಮೂಮಿನೀನ್ ಝೈನಬ್ ಬಿನ್ತ್ ಜಹ್ಶ್(ರ) ಕೈಕೆಲಸ ಮಾಡಿ ಗಳಿಸಿ ಬಡವರಿಗೆ ದಾನ ಮಾಡುತ್ತಿದ್ದರು. ಅಬ್ದುಲ್ಲಾ ಬಿನ್ ಮಸ್‌ಊದ್(ರ)ರ ಪತ್ನಿ ತಮ್ಮ ಗಳಿಕೆಯನ್ನು ಪತಿಗೂ ಆಶ್ರಯದಲ್ಲಿದ್ದ ಅನಾಥರಿಗೂ ಖರ್ಚು ಮಾಡಿದಾಗ, ಅದಕ್ಕೆ ಎರಡು ಪ್ರತಿಫಲಗಳಿವೆಯೆಂದು ಪ್ರವಾದಿವರ್ಯರು(ಸ) ಸುವಾರ್ತೆ ನೀಡಿದರು. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಮನೆಯೊಳಗೇ ಕುಳಿತು ದುಡಿಯುವವರ ಪ್ರಮಾಣ ಇತರರಿಗಿಂತ ಬಹಳ ಹೆಚ್ಚಿರುವುದನ್ನು ಗುರುತಿಸಿತು. ಬಟ್ಟೆಯ ತುಂಡು ಮನೆಗೆ ಬರುತ್ತದೆ, ಹೊಲಿದು ಕೊಟ್ಟರೆ ನಗಕ್ಕೆ ಇಷ್ಟೆಂದು ಮಧ್ಯವರ್ತಿ ಎಣಿಸಿ ಕೊಡುತ್ತಾನೆ. ದಾರದ ಖರ್ಚು ಅವಳದ್ದೇ, ವಿದ್ಯುತ್ತಿನ ಖರ್ಚು ಅವಳದ್ದೇ, ಸೊಟ್ಟಗಾದ ತುಂಡಿನ ನಷ್ಟವೂ ಅವಳದ್ದೇ. ಹೊಲಿಗೆ ಯಂತ್ರವನ್ನು ವೇದಿಕೆಯ ಮೇಲೆ ದಾನ ಮಾಡಿ ಫೋಟೋ ತೆಗೆಸಿಕೊಳ್ಳುವ ನಮ್ಮ ಸಂಘಟನೆಗಳು, ಆ ಯಂತ್ರದ ಮುಂದೆ ಕುಳಿತವಳಿಗೆ ನ್ಯಾಯವಾದ ದರ ಸಿಗುತ್ತದೆಯೇ ಎಂಬುದನ್ನು ವಿಚಾರಿಸಬೇಕು. ಹತ್ತು ಮಂದಿ ಸಹೋದರಿಯರು ಒಟ್ಟಾಗಿ ಬಟ್ಟೆಯನ್ನು ಸಗಟು ದರದಲ್ಲಿ ಕೊಂಡು, ಲೆಕ್ಕ ಬರೆದು, ನೇರವಾಗಿ ಮಾರುವ ಏರ್ಪಾಡು ಮಾಡಿದರೆ ಮಧ್ಯವರ್ತಿಯ ಪಾಲು ಅವರಲ್ಲೇ ಉಳಿಯುತ್ತದೆ. ಲೆಕ್ಕ ಬರೆಯಲು ಬರಬೇಕಾದರೆ ಶಾಲೆಗೆ ಹೋಗಿರಬೇಕು. ಆದ್ದರಿಂದ ಸೂಜಿಗೂ ಪುಸ್ತಕಕ್ಕೂ ಜಗಳವಿಲ್ಲ.

ಈಗ ಕಾನೂನಿನ ಕಡೆಗೆ ಬರೋಣ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ವರದಕ್ಷಿಣೆ ಕೇಳುವುದನ್ನೂ ಕೊಡುವುದನ್ನೂ ಪಡೆಯುವುದನ್ನೂ ಅಪರಾಧವೆಂದು ಘೋಷಿಸಿದೆ. ಶರೀಅತ್ ಅನ್ವಯವಾಗುವವರ ಮಹ್ರ್ ಅನ್ನು ಅದರಿಂದ ಹೊರಗಿಟ್ಟಿದೆ. ಒಂದು ವೇಳೆ ವರದಕ್ಷಿಣೆಯನ್ನು ಬೇರೆಯವರು ಪಡೆದಿದ್ದರೆ ಅದನ್ನು ಮೂರು ತಿಂಗಳೊಳಗೆ ಆ ಮಹಿಳೆಗೆ ಒಪ್ಪಿಸಬೇಕು, ಅಲ್ಲಿಯ ತನಕ ಅದು ಅವರ ಬಳಿ ಅಮಾನತ್ತು ಮಾತ್ರ ಎಂದು ಅದರ ಆರನೇ ಸೆಕ್ಷನ್ ಹೇಳುತ್ತದೆ. 1986ರ ಮುಸ್ಲಿಮ್ ಮಹಿಳೆಯರ ವಿಚ್ಛೇದನ ಹಕ್ಕುಗಳ ಕಾಯ್ದೆಯ ಪ್ರಕಾರ, ಮದುವೆಯ ಮೊದಲು, ಮದುವೆಯ ವೇಳೆ ಅಥವಾ ನಂತರ ಅವಳಿಗೆ ಬಂಧುಗಳು, ಸ್ನೇಹಿತರು, ಪತಿ ಅಥವಾ ಪತಿಯ ಕಡೆಯವರು ಕೊಟ್ಟ ಸರ್ವ ಸೊತ್ತುಗಳೂ ವಿಚ್ಛೇದನವಾದಾಗ ಅವಳಿಗೇ ಸಲ್ಲಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಪತಿ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಶಿಕ್ಷಾರ್ಹಗೊಳಿಸಿದೆ. ತಲಾಕ್ ಆದ ಸಹೋದರಿ ತನ್ನ ಬಟ್ಟೆಯ ಪೆಟ್ಟಿಗೆಗಾಗಿ ಅತ್ತೆಯ ಮನೆಯ ಬಾಗಿಲಲ್ಲಿ ಅಂಗಲಾಚುವ ಅಗತ್ಯವಿಲ್ಲ. ಶರೀಅತ್ ಮತ್ತು ನಾಡಿನ ಕಾನೂನು ಎರಡೂ ಅವಳ ಪರವಾಗಿವೆ.

ಆದರೆ ಹಕ್ಕನ್ನು ಸಾಬೀತುಪಡಿಸಲು ದಾಖಲೆ ಬೇಕು. 1985ರಲ್ಲಿ ಬಂದ ನಿಯಮಗಳ ಪ್ರಕಾರ, ವಧುವಿಗೆ ಸಿಕ್ಕ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ಸಂಬಂಧ ಅದರಲ್ಲಿರಬೇಕು. ವಧೂವರರಿಬ್ಬರೂ ಸಹಿ ಹಾಕಬೇಕು. ಸಹೋದರಿಯರೇ, ಪಟ್ಟಿ ಬೇಕೇ ಬೇಕೆಂದಾದರೆ ಈ ಪಟ್ಟಿ ಇರಲಿ. ಮದುವೆಯ ಮೊದಲು ವರನ ಕಡೆಯಿಂದ ಬರುವ ಪಟ್ಟಿಯನ್ನು ಹರಿದು ಹಾಕಿರಿ. ಮದುವೆಯ ದಿನ ವಧುವಿನ ಕೈಯಲ್ಲಿ ಉಳಿಯುವ ಪಟ್ಟಿಯನ್ನು ಬರೆಯಿರಿ.

ನಮ್ಮ ಮುಂದಿರುವ ಕೆಲಸಗಳು ಕಷ್ಟದವೇನಲ್ಲ. ನಿಕಾಹ್ ನೋಂದಾಯಿಸುವ ಮೊದಲು ಜಮಾಅತ್‌ನವರು ಎರಡೂ ಕಡೆಯವರನ್ನು ಕೂರಿಸಿ, ಯಾವುದಾದರೂ ಬೇಡಿಕೆ ಇತ್ತೇ ಎಂದು ಅಲ್ಲಾಹನನ್ನು ಸಾಕ್ಷಿಯಾಗಿಸಿ ಕೇಳಲಿ. ಮಹ್ರ್ ಮಜ್ಲಿಸಿನಲ್ಲೇ ವಧುವಿಗೆ ಸಲ್ಲಲಿ. ಸಾಮಾನುಗಳ ಪ್ರದರ್ಶನ ನಿಲ್ಲಲಿ. ನೆರೆಯ ಬಡವಳ ಕಣ್ಣಲ್ಲಿ ನೀರು ತರಿಸುವ ಆ ಸಾಲನ್ನು ಯಾರ ಸಂತೋಷಕ್ಕಾಗಿ ಜೋಡಿಸುತ್ತೇವೆ? ಉಳ್ಳವರು ಮೊದಲು ಸರಳ ಮದುವೆ ಮಾಡಲಿ. ಬಡವನು ಸರಳವಾಗಿ ಮಾಡಿದರೆ ಜನರು ಅದನ್ನು ಅಸಹಾಯಕತೆಯೆನ್ನುತ್ತಾರೆ. ಶ್ರೀಮಂತನು ಮಾಡಿದರೆ ಮಾದರಿಯೆನ್ನುತ್ತಾರೆ. ಮಗಳ ಹೆಸರಲ್ಲಿ ಕೂಡಿಟ್ಟ ಹಣ ಮೊದಲು ಅವಳ ಶಿಕ್ಷಣಕ್ಕೆ ಹೋಗಲಿ. ಗಂಡುಮಕ್ಕಳ ತಾಯಂದಿರು, ತಾವು ಮದುಮಗಳಾಗಿದ್ದಾಗ ತಮ್ಮ ತಂದೆಯ ಮುಖ ಹೇಗಿತ್ತೆಂದು ಒಮ್ಮೆ ನೆನಪಿಸಿಕೊಳ್ಳಲಿ.

ಅದರ ಜೊತೆಗೆ ಆ ಹಳೆಯ ಪೆಟ್ಟಿಗೆಯನ್ನೂ ಹೊರತೆಗೆಯಿರಿ. ರಜಾ ದಿನಗಳಲ್ಲಿ ಮಗಳೊಂದಿಗೆ, ಮಗನೊಂದಿಗೆ ಕುಳಿತು ಒಂದು ದಸ್ತರ್‌ಖಾನ್ ಹೊಲಿಯಿರಿ, ಹಳೆಯ ಸೀರೆಗಳಿಂದ ಒಂದು ಕೌದಿ ಮಾಡಿರಿ. ಟಿ.ವಿ. ಮತ್ತು ಮೊಬೈಲ್ ಕಸಿದುಕೊಂಡ ಆ ಗಂಟೆಗಳಲ್ಲಿ ತಾಯಿಮಕ್ಕಳ ನಡುವೆ ಎಷ್ಟೋ ಮಾತುಗಳು ನಡೆಯುತ್ತಿದ್ದವು. ಮದುವೆಯ ಬಗೆಗಿನ ಅವಳ ಭಯವೇನು, ಒಪ್ಪಿಗೆ ಇದೆಯೇ ಇಲ್ಲವೇ ಎಂಬುದು ಸೂಜಿಯ ಮೇಲೆ ಕಣ್ಣಿಟ್ಟು ಕುಳಿತಾಗ ಸಲೀಸಾಗಿ ಬಾಯಿಗೆ ಬರುತ್ತಿತ್ತು. ಅವಳ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲವೆಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು. ಆ ಒಪ್ಪಿಗೆಯನ್ನು ಕೇಳಿಸಿಕೊಳ್ಳಲು ಸಮಯವನ್ನೂ ಇಟ್ಟುಕೊಳ್ಳಬೇಕಲ್ಲವೇ?

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಕರಾರುಗಳನ್ನು ಮುರಿಯುವವರಿಗೆ ಒಂದು ಉಪಮೆಯನ್ನು ಕೊಡಲಾಗಿದೆ. ಶ್ರಮಪಟ್ಟು ಗಟ್ಟಿಯಾಗಿ ನೂತ ನೂಲನ್ನು ತಾನೇ ತುಂಡು ತುಂಡು ಮಾಡಿದ ಹೆಂಗಸಿನಂತಾಗಬೇಡಿರೆಂದು ಅಲ್ಲಿ ಎಚ್ಚರಿಸಲಾಗಿದೆ. ಇಪ್ಪತ್ತು ವರ್ಷ ಮಗಳನ್ನು ಪ್ರೀತಿಯಿಂದ ಬೆಳೆಸಿ, ಕಲಿಸಿ, ಸಂಸ್ಕಾರ ನೀಡಿ, ಕೊನೆಗೆ ಒಂದು ದಿನದ ಮರ್ಯಾದೆಗಾಗಿ ಅವಳನ್ನು ಒಂದು ಪಟ್ಟಿಯ ಕೆಳಗೆ ಹಾಕಿ ಕಳುಹಿಸುವ ನಾವು, ನೂತದ್ದನ್ನು ನಮ್ಮ ಕೈಯಿಂದಲೇ ಬಿಚ್ಚುತ್ತಿದ್ದೇವೆ. ವಿವಾಹವನ್ನೂ ಅಲ್ಲಾಹನು ಒಂದು ಬಲವಾದ ಕರಾರೆಂದು ಕರೆದಿದ್ದಾನೆ. ಆ ಕರಾರಿನ ನೂಲು ಬಿಚ್ಚದಂತೆ ಕಾಯುವ ಬಲವನ್ನು ಅವನು ನಮ್ಮ ತಾಯಂದಿರಿಗೂ ತಂದೆಯಂದಿರಿಗೂ ಯುವಕರಿಗೂ ಕರುಣಿಸಲಿ. ಆಮೀನ್.